ಓಹಾನಾ ಎಂಬ ಕೆಸುವಿನ ಮರಿ

ಕೆಸುವಿನ ತಾಯಿಗೆಡ್ಡೆಯ ಪಕ್ಕದಲ್ಲಿ ಏಳುವ ಮರಿಗೆ ಹವಾಯಿ ಭಾಷೆಯಲ್ಲಿ ‘ಓಹಾ’ ಎನ್ನುತ್ತಾರೆ. ಕುಟುಂಬಕ್ಕೆ ಹವಾಯಿಯವರು ಹೇಳುವ ‘ಓಹಾನಾ’ ಹುಟ್ಟಿದ್ದು ಅದರಿಂದ. ಅವರ ಪುರಾಣದಲ್ಲಿ, ಸತ್ತು ಹುಟ್ಟಿದ ಮಗುವನ್ನು ಮಣ್ಣು ಮಾಡಿದ ಜಾಗದಲ್ಲಿ ಮೊದಲ ಕೆಸು ಚಿಗುರಿತು. ಆಮೇಲೆ ಹುಟ್ಟಿದ ತಮ್ಮನೇ ಮನುಷ್ಯರ ಮೂಲಪುರುಷ. ಹಾಗಾಗಿ ಕೆಸು ಅವರಿಗೆ ಅಣ್ಣ. ಪತ್ರೊಡೆ ಮಾಡುವ ನಮ್ಮ ಮಲೆನಾಡು, ಕರಾವಳಿಯವರಿಗೆ ಆ ಗಿಡವನ್ನು ಪರಿಚಯಿಸಬೇಕಿಲ್ಲ. ಸಂಬಂಧ ಮಾತ್ರ ಹೊಸದು.

‘ಓಹಾನಾ’ ಎಂಬ ಮಾತನ್ನು ಲೋಕದ ಮಕ್ಕಳಿಗೆಲ್ಲ ಕಲಿಸಿದ್ದು 2002ರ ಡಿಸ್ನಿ ಅನಿಮೇಷನ್ ಚಿತ್ರ ‘ಲಿಲೊ ಅಂಡ್ ಸ್ಟಿಚ್’. ಮೊದಲು ಕ್ಯಾನ್ಸಸ್‌ನಲ್ಲಿ ನಡೆಯಬೇಕಿದ್ದ ಕಥೆಯನ್ನು ನಿರ್ದೇಶಕ ಕ್ರಿಸ್ ಸ್ಯಾಂಡರ್ಸ್ ಹವಾಯಿಯ ಕವಾಯಿ ದ್ವೀಪಕ್ಕೆ ಒಯ್ದರು. ಜೊತೆಗಿದ್ದ ಇನ್ನೊಬ್ಬ ನಿರ್ದೇಶಕ ಡೀನ್ ಡಿಬ್ಲಾ. ಊರು ನೋಡಲು ಹೋದಾಗ ಅವರ ಗೈಡ್‌ಗೆ ಎಲ್ಲಿ ಹೋದರೂ ಪರಿಚಯದವರೇ. ಓಹಾನಾ ಎಂದರೇನೆಂದು ತಿಳಿಸಿದವನೂ ಅವನೇ. ಪಾತ್ರಗಳಿಗೆ ದನಿಕೊಟ್ಟ ಟಿಯಾ ಕರೇರೆ ಮತ್ತು ಜೇಸನ್ ಸ್ಕಾಟ್ ಲೀ ಹವಾಯಿಯಲ್ಲೇ ಬೆಳೆದವರು. ಸಂಭಾಷಣೆಯನ್ನು ಅಲ್ಲಿನ ಆಡುಮಾತಿಗೆ ತಿದ್ದಿಕೊಟ್ಟರು.

ಆದರೆ ನನಗೆ ಈ ಚಿತ್ರ ನಿಜವೆನಿಸುವುದು ಬೇರೆ ಕಾರಣಕ್ಕೆ. ಅಪ್ಪ ಅಮ್ಮ ಇಲ್ಲದ ಮನೆ. ಅಕ್ಕ ನಾನಿಗೆ ಪ್ರವಾಸಿಗರ ಔತಣಕೂಟದಲ್ಲಿ ಊಟ ಬಡಿಸುವ ಕೆಲಸ, ಅದೂ ಕೈತಪ್ಪುತ್ತದೆ. ತಂಗಿ ಲಿಲೊ ದಪ್ಪ ಹೊಟ್ಟೆಯ, ಬಿಸಿಲಿಗೆ ಕೆಂಪಾದ ಪ್ರವಾಸಿಗರ ಫೋಟೊ ತೆಗೆದು ಗೋಡೆಗೆ ಅಂಟಿಸುತ್ತಾಳೆ. ಸದಾ ಕ್ಯಾಮೆರಾದ ಮುಂದೆ ನಿಲ್ಲುವ ಊರಿನ ಹುಡುಗಿ ಕ್ಯಾಮೆರಾವನ್ನೇ ತಿರುಗಿಸಿದ್ದಾಳೆ!

ಇನ್ನೊಂದು ದೃಶ್ಯ. ಬೆಳಗಾದರೆ ಸರ್ಕಾರದವರು ಲಿಲೊಳನ್ನು ಕರೆದೊಯ್ಯುತ್ತಾರೆ. ಆ ರಾತ್ರಿ ನಾನಿ ತಂಗಿಯನ್ನು ತೂಗುಮಂಚದಲ್ಲಿ ಕೂರಿಸಿಕೊಂಡು ‘ಅಲೋಹಾ ಓಯೆ’ ಹಾಡುತ್ತಾಳೆ. ಅದು ಮುಂದೆ ಹವಾಯಿಯ ಕೊನೆಯ ರಾಣಿಯಾದ ಲಿಲಿಯುಒಕಲಾನಿ 1878ರಲ್ಲಿ ರಚಿಸಿದ ಬೀಳ್ಕೊಡುಗೆಯ ಹಾಡು. 1893ರಲ್ಲಿ ಅಮೆರಿಕನ್ ವ್ಯಾಪಾರಿಗಳ ಕೂಟ ಆಕೆಯನ್ನು ಸಿಂಹಾಸನದಿಂದ ಇಳಿಸಿತು, ಐದು ವರ್ಷಗಳಲ್ಲಿ ದ್ವೀಪಗಳು ಅಮೆರಿಕದ ಪಾಲಾದವು. ಚಿತ್ರ ಇದಾವುದನ್ನೂ ವಿವರಿಸುವುದಿಲ್ಲ. ಹವಾಯಿಯವರಿಗೆ ವಿವರಣೆ ಬೇಡ.

ಚಿತ್ರ ಎಡವಿದ್ದೂ ಹಾಡಿನಲ್ಲೇ. ಹವಾಯಿಯಲ್ಲಿ ಒಬ್ಬ ವ್ಯಕ್ತಿಯ ಹೆಸರಿಗೆಂದೇ ಕಟ್ಟುವ ಸ್ತುತಿಪದಗಳಿವೆ, ಅವು ಆ ವ್ಯಕ್ತಿಯ ಸ್ವತ್ತು. ಚಿತ್ರದ ಆರಂಭದ ಹುಲಾ ಕುಣಿತಕ್ಕೆ ದೊರೆ ಕಲಾಕಾವುವನ್ನು ಕೊಂಡಾಡುವ ಹಳೆಯ ಪದಗಳನ್ನು ತಂದು ‘ಲಿಲೊಗೊಂದು ಹಾಡು’ ಎಂದು ಹೆಸರಿಟ್ಟರು. ಹಾಡಿದ ಮಾರ್ಕ್ ಕೆಯಲಿಯಿ ಹೋಒಮಾಲು ಹವಾಯಿಯ ಗಾಯಕರೇ, ಮಕ್ಕಳ ಮೇಳವೂ ಅಲ್ಲಿನ ಕಮೇಹಮೇಹಾ ಶಾಲೆಯದು. ಉಚ್ಚಾರಣೆ ಶುದ್ಧವಾಗಿದ್ದರೂ ಹಾಡಿನ ಒಡೆತನ ತಪ್ಪಿತು. ಆಕ್ಷೇಪ ಬಂದದ್ದು ನ್ಯಾಯವೇ.

2025ರಲ್ಲಿ ನಟರನ್ನಿಟ್ಟು ಅದೇ ಕಥೆಯನ್ನು ಮತ್ತೆ ತೆಗೆದರು. ಇದರಲ್ಲಿ ನಾನಿ ತಂಗಿಯನ್ನು ನೆರೆಮನೆಯ ಅಜ್ಜಿಯ ವಶಕ್ಕೊಪ್ಪಿಸಿ, ಸಾಗರಜೀವಶಾಸ್ತ್ರ ಓದಲು ಮುಖ್ಯಭೂಮಿಗೆ ಹೊರಡುತ್ತಾಳೆ. ಬೇರೆಯವರ ಮಗುವನ್ನು ತಮ್ಮದಾಗಿ ಸಾಕುವ ‘ಹಾನೈ’ ಪದ್ಧತಿ ಅಲ್ಲಿದೆ ಎಂಬ ಸಮರ್ಥನೆ ಸುಳ್ಳಲ್ಲ. ಕೆಸುವಿನ ಮರಿಯನ್ನೂ ಬಿಡಿಸಿ ಬೇರೆಡೆ ನೆಡುತ್ತಾರೆ, ಒಪ್ಪಿದೆ. ಆದರೆ ಹಳೆಯ ಚಿತ್ರದ ನಾನಿ ಯಾವುದನ್ನು ತಪ್ಪಿಸಲು ಒದ್ದಾಡಿದಳೋ ಅದನ್ನೇ ಹೊಸದು ಸುಖಾಂತ್ಯ ಎನ್ನುತ್ತದೆ. ನನಗದು ರುಚಿಸಲಿಲ್ಲ.

ಮಕ್ಕಳಿಗೆ ತೋರಿಸುವುದಾದರೆ 2002ರದ್ದನ್ನೇ ತೋರಿಸಿ. ತೂಗುಮಂಚದ ಹಾಡು ಬಂದಾಗ ದಯವಿಟ್ಟು ಮುಂದಕ್ಕೆ ಓಡಿಸಬೇಡಿ.