ಕ್ರೀಮು ಕೆಡದಂತೆ ಕಾಯುವ ಪ್ಯಾರಾಬೆನ್: ಭಯ ಎಷ್ಟು, ನಿಜ ಎಷ್ಟು?

ಶೇಂಗಾ ಚಟ್ನಿಪುಡಿ ಡಬ್ಬಿಯಲ್ಲಿ ವಾರಗಟ್ಟಲೆ ಇದ್ದರೂ ಕೆಡುವುದಿಲ್ಲ. ಬೆಳಿಗ್ಗೆ ಅರೆದ ಹಸಿಕೊಬ್ಬರಿ ಚಟ್ನಿ ಮಾತ್ರ ಸಂಜೆಗೆ ಹುಳಿವಾಸನೆ ಬಿಡುತ್ತದೆ. ಕಾರಣ ನಮ್ಮ ಗೃಹಿಣಿಯರಿಗೆ ಯಾರೂ ಹೇಳಿಕೊಡಬೇಕಿಲ್ಲ: ನೀರು. ನೀರಿದ್ದಲ್ಲಿ ಬೂಷ್ಟು, ಬೂಷ್ಟಿನ ಜೊತೆಗೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಮುಖಕ್ಕೆ ಹಚ್ಚುವ ಕ್ರೀಮಿನ ಕಥೆಯೂ ಇದೇ.

ಕೊಬ್ಬರಿ ಎಣ್ಣೆಯಲ್ಲಿ ನೀರಿಲ್ಲ, ಅದಕ್ಕೇ ಅದು ಬಹುದಿನ ಬಾಳುತ್ತದೆ. ಕ್ರೀಮು ಎಂದರೆ ಎಣ್ಣೆ ಮತ್ತು ನೀರನ್ನು ಕೂಡಿಸಿ ಕಡೆದದ್ದು. ದಿನವೂ ಅದರಲ್ಲಿ ಬೆರಳದ್ದುತ್ತೇವೆ. ರಂಜಕಕ್ಕೆ ಉಪ್ಪು, ಲಿಂಬಿಹುಳಿ ಕಾವಲಿರುವಂತೆ ಕ್ರೀಮಿಗೂ ಒಂದು ಕಾವಲು ಬೇಕು. ಆ ಕಾವಲುಗಾರರಲ್ಲಿ ಬಹಳ ಹಳಬ ಪ್ಯಾರಾಬೆನ್.

ಕೆಲಸ ಹೇಗೆ?

ಡಬ್ಬಿಯ ಮೇಲೆ ಹೆಚ್ಚಾಗಿ ಎರಡು ಹೆಸರು ಕಾಣುತ್ತವೆ: ಮಿಥೈಲ್ ಪ್ಯಾರಾಬೆನ್, ಪ್ರೊಪೈಲ್ ಪ್ಯಾರಾಬೆನ್. ಮೊದಲನೆಯದು ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಎರಡನೆಯದು ಕರಗುವುದು ಕಡಿಮೆ, ಬಲ ಹೆಚ್ಚು. ಇವು ಸೂಕ್ಷ್ಮಜೀವಿಯ ಹೊರಪೊರೆಯನ್ನು ಕೆಡಿಸಿ ಅದು ಬೆಳೆಯದಂತೆ ತಡೆಯುತ್ತವೆ. ಬೇಕಾಗುವುದು ಚಿಟಿಕೆಯಷ್ಟೇ. ಯುರೋಪಿನ ಕಾನೂನಿನಂತೆ ಒಂದೇ ಪ್ಯಾರಾಬೆನ್ ಹಾಕಿದರೆ ಶೇಕಡಾ 0.4, ಬೆರಕೆಯಾದರೆ 0.8 ಮೀರಬಾರದು.

ಭಯ ಹುಟ್ಟಿದ್ದೆಲ್ಲಿ?

"ಅದನ್ನ ಹಚ್ಚಿಕೊಂಡ್ರ ಎದೆ ಕ್ಯಾನ್ಸರ್ ಬರ್ತೈತಂತಲ್ರೀ" ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿದೆ. ಇದರ ಮೂಲ 2004ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಒಂದು ಅಧ್ಯಯನ. ಸ್ತನದ ಗಡ್ಡೆಗಳ 20 ಮಾದರಿಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಪ್ಯಾರಾಬೆನ್ ಕಂಡುಬಂದಿತ್ತು. ಆದರೆ ಆರೋಗ್ಯವಂತರ ಮಾದರಿಯೊಂದಿಗೆ ಹೋಲಿಸಿ ನೋಡಿರಲಿಲ್ಲ. ಗಡ್ಡೆಯಲ್ಲಿ ಇತ್ತು ಎಂದ ಮಾತ್ರಕ್ಕೆ ಗಡ್ಡೆಗೆ ಅದೇ ಕಾರಣ ಎಂದಾಗುವುದಿಲ್ಲ. ಅದು ಸಿದ್ಧವಾಗಿಲ್ಲ.

ಹಾಗೆಂದು ಪೂರ್ತಿ ನಿಶ್ಚಿಂತೆಯೂ ಅಲ್ಲ. ಪ್ಯಾರಾಬೆನ್ ಹೆಣ್ಣು ಹಾರ್ಮೋನನ್ನು ತೀರ ದುರ್ಬಲವಾಗಿ ಅನುಕರಿಸುತ್ತದೆ. ಅದಕ್ಕೇ 2014ರಲ್ಲಿ ಯುರೋಪು ಐದು ಬಗೆಯ ಪ್ಯಾರಾಬೆನ್‌ಗಳನ್ನು ನಿಷೇಧಿಸಿತು. ಪ್ರೊಪೈಲ್, ಬ್ಯುಟೈಲ್‌ಗಳ ಮಿತಿಯನ್ನು ಶೇಕಡಾ 0.14ಕ್ಕೆ ಇಳಿಸಿತು. ಮೂರು ವರ್ಷದೊಳಗಿನ ಕೂಸುಗಳ ಲಂಗೋಟಿ ಕಟ್ಟುವ ಜಾಗಕ್ಕೆ ಹಚ್ಚಿಬಿಡುವ ಕ್ರೀಮಿನಲ್ಲಿ ಇವೆರಡೂ ಬೇಡ ಎಂದಿತು. ತಾಯಂದಿರು ಇದನ್ನು ನೆನಪಿಡಬೇಕು.

'ಪ್ಯಾರಾಬೆನ್ ಇಲ್ಲ' ಎಂದರೆ?

ಸಂರಕ್ಷಕವೇ ಇಲ್ಲ ಎಂದಲ್ಲ, ಬೇರೆಯದು ಇದೆ ಎಂದರ್ಥ. ಮಿಥೈಲ್ ಐಸೋಥಯಾಜೋಲಿನೋನ್ ಎಂಬ ಇನ್ನೊಂದು ಸಂರಕ್ಷಕದಿಂದ ಅನೇಕರಿಗೆ ತುರಿಕೆ, ಕೆಂಪುಗುಳ್ಳೆ ಎದ್ದವು. 2017ರಿಂದ ಯುರೋಪಿನಲ್ಲಿ ಹಚ್ಚಿ ತೊಳೆಯದೆ ಬಿಡುವ ಕ್ರೀಮುಗಳಲ್ಲಿ ಅದನ್ನು ಹಾಕುವಂತಿಲ್ಲ. ಅತ್ತ 2019ರಲ್ಲಿ ಅಮೆರಿಕದ ಚರ್ಮ ಅಲರ್ಜಿ ತಜ್ಞರ ಸಂಘ ಪ್ಯಾರಾಬೆನ್ನನ್ನು 'ವರ್ಷದ ಅಲರ್ಜಿ ಮಾಡದ ವಸ್ತು' ಎಂದೇ ಕರೆಯಿತು!

ಮನೆಯ ಲೇಪ

ಕಡಲೆಹಿಟ್ಟು, ಅರಿಷಿಣ, ಮೊಸರಿನ ಲೇಪ ಒಳ್ಳೆಯದೇ. ಆದರೆ ಅದಕ್ಕೆ ಕಾವಲಿಲ್ಲ. ಕಲಸಿ ವಾರಗಟ್ಟಲೆ ಇಟ್ಟು ಹಚ್ಚಿದರೆ ಮೊಡವೆ, ಗಾಯಗಳಲ್ಲಿ ಕೀವಾದೀತು. ಪುಡಿ ಒಣಗಿರಲಿ, ಅವತ್ತಿನದನ್ನು ಅವತ್ತೇ ಕಲಸಿ, ಉಳಿದದ್ದನ್ನು ಚೆಲ್ಲಿ.

ಕದಂಬರ ರಾಣಿ ಕಮಲಾದೇವಿ 12ನೆಯ ಶತಮಾನದಲ್ಲಿ ಕಟ್ಟಿಸಿದ ದೇಗಾಂವದ ಕಮಲನಾರಾಯಣ ಗುಡಿ ಇಂದಿಗೂ ನಿಂತಿದೆ. ಅದು ಕಲ್ಲು! ಕ್ರೀಮಿಗೆ ಅಂಥ ಆಯುಷ್ಯವಿಲ್ಲ. ಆದ್ದರಿಂದ:

• ಡಬ್ಬಿಯ ಮೇಲೆ ತಯಾರಕರ ವಿಳಾಸ, ಲೈಸೆನ್ಸ್ ನಂಬರು, ಬಳಸಬೇಕಾದ ಅವಧಿ ಇದೆಯೇ ನೋಡಿ. ಸಂತೆ, ಜಾತ್ರೆಯಲ್ಲಿ ಕೊಂಡರೂ ಇದನ್ನು ಬಿಡಬೇಡಿ.
• ಒದ್ದೆ ಕೈ ಅದ್ದಬೇಡಿ. ಉಪ್ಪಿನಕಾಯಿ ಭರಣಿಯ ಶಿಸ್ತೇ ಇಲ್ಲಿಯೂ ಇರಲಿ.
• ಬಿಸಿಲು ಬೀಳುವ ಕಿಟಕಿಯಲ್ಲಿ, ತಗಡಿನ ಮಾಡಿನ ಕೆಳಗೆ ಇಡಬೇಡಿ.
• ಬಣ್ಣ, ವಾಸನೆ ಬದಲಾದರೆ ಬೆಲೆ ನೋಡದೆ ಎಸೆಯಿರಿ.
• ಹೊಸದನ್ನು ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಎರಡು ದಿನ ಕಾಯಿರಿ.

ಕೊನೆಯದಾಗಿ ಒಂದು ಮಾತು. ಕ್ರೀಮಿನ ಡಬ್ಬಿ ಎಸೆದು ಕ್ಯಾನ್ಸರಿನಿಂದ ಪಾರಾದೆವೆಂದು ಸಮಾಧಾನ ಪಟ್ಟುಕೊಳ್ಳಬೇಡಿ. ಎದೆಯಲ್ಲಿ ಗಂಟು ಕೈಗೆ ಸಿಕ್ಕರೆ, ತೊಟ್ಟಿನಿಂದ ರಕ್ತ ಬಂದರೆ, ನಾಚಿಕೆ ಬದಿಗಿಟ್ಟು ಅದೇ ವಾರ ಡಾಕ್ಟರಿಗೆ ತೋರಿಸಿ. ಜೀವ ಉಳಿಸುವುದು ಅದು.