ಹಾಡಿನೊಳಗೆ ಒಂದು ಸಹಿ

ನೇಜಿ ನೆಡುವಾಗ ನಮ್ಮ ಹಿರಿಯರು ಪಾಡ್ದನ ಹೇಳುತ್ತಿದ್ದರು. ಅದನ್ನು ಕಟ್ಟಿದವರು ಯಾರು? ಯಾರಿಗೂ ಗೊತ್ತಿಲ್ಲ. ಬಾಯಿಂದ ಬಾಯಿಗೆ ಹಾಡು ಬಂತು, ಹೆಸರು ಬರಲಿಲ್ಲ.

ಕೆಲವರು ಮಾತ್ರ ಹಾಡಿನ ಒಳಗೇ ಹೆಸರಿನ ಗುರುತು ಇಡುತ್ತಾರೆ. ಅದಕ್ಕೆ ಮುದ್ರೆ ಅಂತ ಹೇಳ್ತಾರೆ. ನಾವು ಕಾಗದದ ಕೊನೆಗೆ ಸಹಿ ಹಾಕುತ್ತೇವಲ್ಲ, ಹಾಗೆ. ‘ಪುರಂದರ ವಿಠಲ’ ಅಂತ ಕೊನೆಗೆ ಬರುವ ಹಾಡು ನೀವು ಕೇಳಿದ್ದೀರಿ. ಮೈಸೂರು ವಾಸುದೇವಾಚಾರ್ಯರ ಮುದ್ರೆ ‘ವಾಸುದೇವ’. ಅದು ದೇವರ ಹೆಸರೂ ಹೌದು, ಅವರ ಹೆಸರೂ ಹೌದು. ಜಾಣತನ ಅಲ್ವಾ?

ನಮ್ಮ ಪಂಪ್‌ವೆಲ್‌ನಲ್ಲಿ ಬಸ್ಸು ಹತ್ತಿದರೆ ಮಡಿಕೇರಿ ದಾಟಿ ಮೈಸೂರು ಸಿಗುತ್ತದೆ. ಆ ಊರಿನಲ್ಲಿ 1865ರಲ್ಲಿ ಆಚಾರ್ಯರು ಹುಟ್ಟಿದರು. ಚಿಕ್ಕವರಿದ್ದಾಗಲೇ ತಂದೆ ತೀರಿಕೊಂಡರು. ಓದಿದ್ದು ಸಂಸ್ಕೃತ, ಮನಸ್ಸೆಲ್ಲ ಸಂಗೀತದ ಕಡೆ. ಮೊದಲು ವೀಣೆ ಪದ್ಮನಾಭಯ್ಯನವರ ಹತ್ತಿರ ಕಲಿತರು. ಆಮೇಲೆ ಮಹಾರಾಜ ಚಾಮರಾಜ ಒಡೆಯರು ಅರಮನೆಯ ಖರ್ಚಿನಲ್ಲಿ ಅವರನ್ನು ಈಗಿನ ತಮಿಳುನಾಡಿನ ತಿರುವಯ್ಯಾರಿಗೆ ಕಳಿಸಿದರು. ಅಲ್ಲಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಗುರು.

ಹಾಡಿನ ಮಾತು, ಧಾಟಿ ಎರಡನ್ನೂ ತಾವೇ ಕಟ್ಟುವವರಿಗೆ ವಾಗ್ಗೇಯಕಾರ ಎನ್ನುತ್ತಾರೆ. ಶಬ್ದ ಸ್ವಲ್ಪ ಕಷ್ಟ, ಎರಡು ಸಲ ಓದಿ. ಆಚಾರ್ಯರು ಸುಮಾರು 200 ಹಾಡು ಕಟ್ಟಿದರು. ಹೆಚ್ಚಿನವು ತೆಲುಗು, ಸಂಸ್ಕೃತದಲ್ಲಿ ಉಂಟು.

ಅದರಲ್ಲಿ ‘ಬ್ರೋಚೇವಾರೆವರುರಾ’ ಒಂದು. ರಾಮನಿಗೆ ಇಟ್ಟ ಮೊರೆ. ರಾಗ ಖಮಾಸ್. 1980ರಲ್ಲಿ ಬಂದ ‘ಶಂಕರಾಭರಣಂ’ ಸಿನಿಮಾದಲ್ಲೂ ಈ ಹಾಡು ಇದೆ. ಎಷ್ಟೋ ಜನ ಇದನ್ನು ತ್ಯಾಗರಾಜರ ಹಾಡು ಅಂದುಕೊಂಡಿದ್ದಾರೆ. ತ್ಯಾಗರಾಜರು ದೊಡ್ಡವರು, ಸರಿ. ಆದರೆ ಇನ್ನೊಬ್ಬರು ಕಟ್ಟಿದ್ದನ್ನು ಅವರ ಲೆಕ್ಕಕ್ಕೆ ಯಾಕೆ ಬರೆಯಬೇಕು? ಹಾಡಿನ ಕೊನೆಯ ಭಾಗಕ್ಕೆ ಕಿವಿ ಕೊಡಿ. ‘ವಾಸುದೇವ’ ಅಂತ ಬರುತ್ತದೆ. ಸಹಿ ಅಲ್ಲೇ ಉಂಟು.

ಆಚಾರ್ಯರು ಅರಮನೆಯ ವಿದ್ವಾಂಸರಾದರು. ಜಯಚಾಮರಾಜ ಒಡೆಯರಿಗೂ ಪಾಠ ಹೇಳಿದರು. ಮೇಷ್ಟ್ರ ಎದುರು ರಾಜರೂ ಶಿಷ್ಯರೇ! ಮುಪ್ಪಿನಲ್ಲಿ ಮದರಾಸಿನ ಕಲಾಕ್ಷೇತ್ರಕ್ಕೆ ಪಾಠ ಮಾಡಲು ಹೋದರು. ಅದು ರುಕ್ಮಿಣಿದೇವಿಯವರು 1936ರಲ್ಲಿ ಕಟ್ಟಿದ ಶಾಲೆ. ಅಲ್ಲಿ ರಾಮಾಯಣವನ್ನು ಆರು ನೃತ್ಯನಾಟಕ ಮಾಡಿದರು. ಸಂಗೀತ ಕಟ್ಟಲು ಕೂತವರು ಆಚಾರ್ಯರು. ಮೊದಲನೆಯ ‘ಸೀತಾ ಸ್ವಯಂವರ’ 1955ರಲ್ಲಿ ಬಂತು. ಆಗ ಅವರಿಗೆ 90 ವರ್ಷ. ನಮ್ಮಲ್ಲಿ ನಲ್ವತ್ತಕ್ಕೇ ‘ಇನ್ನೆಂತ ಮಾಡುವುದು’ ಅನ್ನುವವರಿದ್ದಾರೆ!

1959ರಲ್ಲಿ ಪದ್ಮಭೂಷಣ ಸಿಕ್ಕಿತು. 1961ರಲ್ಲಿ ತೀರಿಕೊಂಡಾಗ ರಾಮಾಯಣ ಪೂರ್ತಿ ಆಗಿರಲಿಲ್ಲ. ಉಳಿದದ್ದನ್ನು ಮೊಮ್ಮಗ ಎಸ್. ರಾಜಾರಾಂ ಮುಗಿಸಿದರು.

ಆಚಾರ್ಯರು ಕನ್ನಡದಲ್ಲಿ ‘ನಾ ಕಂಡ ಕಲಾವಿದರು’ ಎಂಬ ಪುಸ್ತಕವನ್ನೂ ಬರೆದಿದ್ದಾರೆ. ಅದರಲ್ಲಿ ಇರುವುದು ಬೇರೆ ಸಂಗೀತಗಾರರ ಕತೆ, ಅವರ ಹೆಸರು. ಗ್ರಂಥಾಲಯಕ್ಕೆ ಹೋದಾಗ ಕೇಳಿ ನೋಡಿ.