ಹದಿನಾರು ಚಿಪ್ಪಿನ ರ‍್ಯಾಮ್

"ಡಿಡಿಆರ್ ತ್ರೀನೇ ಸಾರ್, ಫೋರ್ ಜಿಬಿನೇ. ಆದ್ರೆ ನಿಮ್ ಬೋರ್ಡಿಗೆ ಇದು ಆಗಲ್ಲ."

ಬೆಂಗಳೂರಿನ ಎಸ್.ಪಿ. ರಸ್ತೆಯ ಪುಟ್ಟ ರಿಪೇರಿ ಅಂಗಡಿಯಲ್ಲಿ ಈ ಮಾತು ಕೇಳಿ, ಜೊತೆಗಿದ್ದ ನನ್ನ ಗೆಳೆಯ ಮೇಷ್ಟ್ರ ಮುಖ ಸಪ್ಪಗಾಯಿತು. ಹೈಸ್ಕೂಲಿಗೆ ಯಾರೋ ದಾನ ಕೊಟ್ಟಿದ್ದ ಕೋರ್ ಟು ಡ್ಯುಯೊ ಡೆಸ್ಕ್‌ಟಾಪ್‌ಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಬೇಕೆಂದು ಅವರು ಆನ್‌ಲೈನಿನಲ್ಲಿ ರ‍್ಯಾಮ್ ತರಿಸಿದ್ದರು. ಸ್ಲಾಟಿನಲ್ಲಿ ಅದು ಸಲೀಸಾಗಿ ಕೂರುತ್ತಿತ್ತು. ಸ್ವಿಚ್ ಒತ್ತಿದರೆ ಮಾತ್ರ ಪರದೆ ಕಪ್ಪು, ಬಿಟ್ಟು ಬಿಟ್ಟು ಬೀಪ್ ಸದ್ದು.

ಅಂಗಡಿಯವರು ಪ್ಲಾಸ್ಟಿಕ್ ಡಬ್ಬಿಯಿಂದ ಇನ್ನೊಂದು ರ‍್ಯಾಮ್ ತೆಗೆದು, ಎರಡನ್ನೂ ಟೇಬಲ್ ಲೈಟಿನ ಕೆಳಗಿಟ್ಟು "ಚಿಪ್ ಎಣಿಸಿ" ಎಂದರು. ಮೇಷ್ಟ್ರದ್ದರಲ್ಲಿ ಒಂದೇ ಕಡೆ ಎಂಟು ಕಪ್ಪು ಚಿಪ್ಪು, ಹಿಂಬದಿ ಬೋಳು. ಅಂಗಡಿಯವರದ್ದರಲ್ಲಿ ಎರಡೂ ಕಡೆ ಎಂಟೆಂಟು. ಅದರ ಹೊಂಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿ, ಪುಡಿ ಊದಿ, ಕ್ಲಿಪ್ ಟಕ್ ಎನ್ನುವವರೆಗೆ ಒತ್ತಿ ಕೂರಿಸಿದರು. ಒಂದೇ ಒಂದು ಗಿಡ್ಡ ಬೀಪ್. ಪರದೆ ಬೆಳಗಿತು.

ಆವತ್ತಿನಿಂದ ಈ ಹದಿನಾರರ ಲೆಕ್ಕ ನನ್ನ ತಲೆಯಿಂದ ಇಳಿದಿಲ್ಲ. ಶಾಲೆಯ ಆ ಪಿಸಿಯಲ್ಲಿ ಇರುವುದು ಇಂಟೆಲ್‌ನ ಜಿ41 ಚಿಪ್‌ಸೆಟ್; 2008ರದ್ದು. ಮೆಮೊರಿಯ ಉಸ್ತುವಾರಿ ಕೋರ್ ಟು ಡ್ಯುಯೊ ಪ್ರೊಸೆಸರಿನ ಒಳಗಿರಲಿಲ್ಲ, ಬೋರ್ಡಿನ ಮೇಲಿನ ಈ ಚಿಪ್‌ಸೆಟ್ಟೇ ನೋಡಿಕೊಳ್ಳುತ್ತಿತ್ತು. 4 ಜಿಬಿ ಎಂದರೆ 32 ಗಿಗಾಬಿಟ್. ಅದನ್ನು 2 ಗಿಗಾಬಿಟ್‌ನ ಹದಿನಾರು ಚಿಪ್ಪುಗಳಲ್ಲಿ ಹಂಚಬಹುದು, 4 ಗಿಗಾಬಿಟ್‌ನ ಎಂಟರಲ್ಲೂ ತುಂಬಬಹುದು. ಚಿಪ್ಪಿನೊಳಗೆ ಮಾಹಿತಿ ಇರುವುದು ಸಾಲುಸಾಲಾಗಿ. ಯಾವ ಸಾಲು ಎಂದು ಹೇಳಲು 2 ಗಿಗಾಬಿಟ್ ಚಿಪ್ಪಿಗೆ 15 ಬಿಟ್‌ಗಳ ವಿಳಾಸ ಸಾಕು, 4 ಗಿಗಾಬಿಟ್‌ನದ್ದಕ್ಕೆ 16 ಬೇಕು. ಜಿ41ಕ್ಕೆ ಗೊತ್ತಿರುವುದು 2 ಗಿಗಾಬಿಟ್‌ವರೆಗೆ ಮಾತ್ರ. ಆ ಒಂದೇ ಒಂದು ಬಿಟ್ಟಿಗಾಗಿ, ಯಾವ ದೋಷವೂ ಇಲ್ಲದ ರ‍್ಯಾಮ್ ಆ ಬೋರ್ಡಿನಲ್ಲಿ ಕೆಲಸಕ್ಕೆ ಬಾರದು. ಲೇಬಲ್ಲಿನಲ್ಲಿ ಇದರ ಸುಳಿವು ಸಣ್ಣಕ್ಷರದಲ್ಲಿ ಇರುತ್ತದೆ: '2ಆರ್×8' ಎಂದಿದ್ದರೆ ಹದಿನಾರು ಚಿಪ್ಪು, '1ಆರ್×8' ಎಂದಿದ್ದರೆ ಎಂಟು. ಎಸ್.ಪಿ. ರಸ್ತೆಯ ಅಂಗಡಿಯವರಿಗೆ ಡೇಟಾಶೀಟ್ ಬೇಕಾಗಲಿಲ್ಲ, ಬೋರ್ಡಿನ ಹೆಸರು ಕೇಳಿದ್ದೇ ಸಾಕಾಯಿತು. ಈ ವಿದ್ಯೆಗೆ ನನ್ನದೊಂದು ದೊಡ್ಡ ನಮಸ್ಕಾರ.

ಮೆಮೊರಿಯ ಹಸಿವು ಹೊಸದೇನಲ್ಲ. ವಿಂಡೋಸ್ 95 ಕೇಳಿದ್ದು ಕನಿಷ್ಠ 4 ಎಂಬಿ. 2001ರ ಎಕ್ಸ್‌ಪಿಗೆ 64 ಎಂಬಿ, 2007ರಲ್ಲಿ ಅಂಗಡಿಗೆ ಬಂದ ವಿಸ್ಟಾಗೆ 512, 2009ರ ವಿಂಡೋಸ್ 7ಕ್ಕೆ 1 ಜಿಬಿ. 2021ರ ವಿಂಡೋಸ್ 11 ಕೇಳುವುದು 4 ಜಿಬಿ. ಅಂದರೆ ಇಪ್ಪತ್ತಾರು ವರ್ಷದಲ್ಲಿ 1024 ಪಟ್ಟು. ರ‍್ಯಾಮ್ ಸಾಲದೇ ಹೋದಾಗ ಸಿಸ್ಟಂ ಒಂದಷ್ಟನ್ನು ಹಾರ್ಡ್‌ಡಿಸ್ಕಿಗೆ ಸಾಗಿಸಿ ಮತ್ತೆ ಎಳೆದು ತರುತ್ತಿರುತ್ತದೆ. ಮೌಸ್ ಒತ್ತಿ ಕಾಯುತ್ತಾ ಕೂರುವುದು ಅದಕ್ಕೇ.

ಹಾಗೆಂದು 'ರ‍್ಯಾಮ್ ಜಾಸ್ತಿ ಮಾಡಿಸಿ, ಎಲ್ಲಾ ಓಡುತ್ತೆ' ಎಂಬ ಮಾತನ್ನು ನಾನು ನಂಬುವುದಿಲ್ಲ. 32 ಬಿಟ್ ವಿಂಡೋಸ್ ಇರುವ ಪಿಸಿಗೆ 4 ಜಿಬಿ ಹಾಕಿದರೂ ಬಳಕೆಗೆ ಸಿಗುವುದು ಸಾಮಾನ್ಯವಾಗಿ ಮೂರು ಚಿಲ್ಲರೆ. ಉಳಿದ ವಿಳಾಸಗಳನ್ನು ಗ್ರಾಫಿಕ್ಸ್ ಮುಂತಾದ ಸಾಧನಗಳು ಹಿಡಿದಿಟ್ಟಿರುತ್ತವೆ. ಇನ್ನು ವಿಂಡೋಸ್ 11ರ 24ಎಚ್2 ಆವೃತ್ತಿಗೆ ಎಸ್‌ಎಸ್‌ಇ 4.2 ಎಂಬ ಸೂಚನೆಗಳ ಗುಂಪು ಪ್ರೊಸೆಸರಿನಲ್ಲೇ ಇರಬೇಕು. ಕೋರ್ ಟು ಡ್ಯುಯೊದಲ್ಲಿ ಅದಿಲ್ಲ. ಎಷ್ಟೇ ರ‍್ಯಾಮ್ ತುಂಬಿದರೂ ಆ ಆವೃತ್ತಿ ಬೂಟ್ ಆಗುವುದಿಲ್ಲ. ವಿಂಡೋಸ್ 10ರ ಉಚಿತ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು.

ಮೇಷ್ಟ್ರು ಹಾಕಿಸಿದ್ದು ಲಿನಕ್ಸ್ ಮಿಂಟ್ 22, ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಅದು ಕೇಳುವುದು ಕನಿಷ್ಠ 2 ಜಿಬಿ. ಆರಾಮಾಗಿ ಓಡಲು 4. ಕಾಸು ಕೊಡಬೇಕಿಲ್ಲ, ಭದ್ರತಾ ಅಪ್‌ಡೇಟ್ 2029ರವರೆಗೆ ಬರುತ್ತದೆ, ಕನ್ನಡ ಟೈಪಿಸಲು ಕೆಜಿಪಿ ಕೀಬೋರ್ಡ್ ವಿನ್ಯಾಸವನ್ನೂ ಸೇರಿಸಿಕೊಳ್ಳಬಹುದು. ಮಕ್ಕಳಿಗೆ ಲೆಕ್ಕದ ಹಾಳೆ, ಬ್ರೌಸರ್, ಪೈಥಾನ್ ಪಾಠ ಇಷ್ಟಕ್ಕೆ ಈ ಪಿಸಿ ಧಾರಾಳವಾಗಿ ಸಾಕು. ಇಂಥ ಪೆಟ್ಟಿಗೆಗಳನ್ನು ಶಾಲೆ, ಗ್ರಂಥಾಲಯಗಳು ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ 2025ರ ಕೊನೆಗೆ ಹೊಸ ರ‍್ಯಾಮ್ ಬೆಲೆ ಗಗನಕ್ಕೇರಿದ ಮೇಲಂತೂ, ಸೆಕೆಂಡ್ ಹ್ಯಾಂಡ್ ಡಿಡಿಆರ್3 ತುಂಬಿಟ್ಟ ಆ ಪ್ಲಾಸ್ಟಿಕ್ ಡಬ್ಬಿಗಳ ಮೇಲೆ ನನ್ನ ಪ್ರೀತಿ ಇಮ್ಮಡಿಯಾಗಿದೆ.

ಹಳೆಯ ಪಿಸಿಗೆ ರ‍್ಯಾಮ್ ತರಲು ಹೊರಟವರು ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ಬಿಚ್ಚಿ, ಬೋರ್ಡಿನ ಮೇಲೆ ಅಚ್ಚಾಗಿರುವ ಮಾಡೆಲ್ ಹೆಸರಿನ ಫೋಟೊ ತೆಗೆದುಕೊಳ್ಳಿ. ಈಗಿರುವ ರ‍್ಯಾಮಿನ ಲೇಬಲ್ಲಿನದ್ದೂ ಒಂದಿರಲಿ. ಡಿಡಿಆರ್2, ಡಿಡಿಆರ್3 ಎರಡಕ್ಕೂ ಹಲ್ಲು 240ರಷ್ಟೇ ಇದ್ದರೂ ನಡುವಿನ ಕಚ್ಚು ಇರುವ ಜಾಗ ಬೇರೆ. ಕೂರದಿದ್ದರೆ ಬಲ ಹಾಕಬೇಡಿ.